ಪಿಂಜಾರ ಹುಸೇನಸಾಬನ ನೀರಿನ ಪದ

ಕೋರ್ಟುಗಳಲ್ಲಿ ತರ್ಜುಮೆಯ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಈಗಲೂ ಆಗಾಗ ನಮ್ಮ ಮನೆಗೆ ಬರುತ್ತಾರೆ. ಯಾವ ನಿಘಂಟು ಒಳ್ಳೆಯದು, ಸಾಕ್ಷಿ ಗಡಬಡಿಸಿ ಮಾತಾಡಿದರೆ ಹೇಗೆ ಬರೆದುಕೊಳ್ಳಬೇಕು ಎಂದೆಲ್ಲ ಕೇಳುತ್ತಾರೆ. ನಿಘಂಟು ಕೊಳ್ಳಿ, ಬೇಡ ಎನ್ನುವುದಿಲ್ಲ. ಅದರ ಜೊತೆಗೆ ಸಂತೆಯ ದಿನ ಯಾವುದಾದರೂ ಕಟ್ಟೆಯ ಮೇಲೆ ಕೂತು ಜನ ಮಾತಾಡುವುದನ್ನು ಕೇಳಿ ಎನ್ನುತ್ತೇನೆ. ಅವರು ತಲೆಯಾಡಿಸಿ ಹೋಗುತ್ತಾರೆ. ನಿಘಂಟಿನ ಹೆಸರನ್ನು ಮಾತ್ರ ಬರೆದುಕೊಂಡಿರುತ್ತಾರೆ.

ನಾನು ಸೇರಿದಾಗ ನಮ್ಮ ಸೀಮೆಯೆಲ್ಲ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿ, ಎಲ್ಲಿ ಹೋದರೂ ಜನ ಮಾತಾಡುವುದು ಕನ್ನಡ, ಕಚೇರಿ ಬರೆಯುವುದು ಉರ್ದು. ಕಕ್ಷಿದಾರ ಕನ್ನಡದಲ್ಲಿ ಅತ್ತದ್ದು ಉರ್ದುವಿನಲ್ಲಿ ದಾಖಲಾಗಬೇಕು. ನ್ಯಾಯಾಧೀಶರು ಉರ್ದುವಿನಲ್ಲಿ ಗದರಿದ್ದು ಕನ್ನಡದಲ್ಲಿ ಅವನಿಗೆ ತಾಕಬೇಕು. ಇಬ್ಬರ ನಡುವೆ ಒಂದು ಮುಕ್ಕಾಲಿ ಹಾಕಿಕೊಂಡು ಕೂರುವವನು ತರ್ಜುಮೆದಾರ. ಹೈದರಾಬಾದಿನಲ್ಲಿ ಬಿ.ಎ. ಮುಗಿಸಿಕೊಂಡು ಬಂದಿದ್ದ ನನಗೆ ಆ ಮುಕ್ಕಾಲಿ ತೀರ ಚಿಕ್ಕದೆನಿಸಿತ್ತು. ಹೋಗಹೋಗುತ್ತ ಅದರ ಮೇಲೆ ಕೂರುವುದು ಎಷ್ಟು ಕಷ್ಟವೆಂದು ಗೊತ್ತಾಯಿತು.

ಬಡ್ತಿ, ವರ್ಗ, ಸಂಬಳದ ಕಥೆಗಳನ್ನು ಬರೆಯುವುದಿಲ್ಲ. ಅವು ಎಲ್ಲರಿಗೂ ಒಂದೇ ತರಹ ಇರುತ್ತವೆ. ಕೆಲಸ ನಿಜವಾಗಿ ಹೇಗಿತ್ತು ಎನ್ನುವುದಕ್ಕೆ ಒಂದೆರಡು ಸಂಗತಿ ಹೇಳಿ, ಆಮೇಲೆ ಒಂದು ಪದದ ಕಥೆ ಹೇಳುತ್ತೇನೆ. ಪದ ಎಂದರೆ ನಮ್ಮ ಕಡೆ ಹಾಡು. ಇದನ್ನು ಬರೆಯಲು ಹಲವು ಸಲ ಕೂತು ಎದ್ದಿದ್ದೇನೆ. ಅರ್ಧಕ್ಕೆ ಬಂದಾಗ ಲೇಖನಿ ಮುಚ್ಚಿಟ್ಟು ಬೇರೆ ಕೆಲಸ ಹುಡುಕಿಕೊಳ್ಳುತ್ತೇನೆ. ಈ ಸಲ ಮುಗಿಸಬೇಕೆಂದಿದ್ದೇನೆ.

ಮೊದಲು ಗಂಗಾವತಿ. ಅಲ್ಲಿ ನನಗಿಂತ ಹಿರಿಯ ತರ್ಜುಮೆದಾರರೊಬ್ಬರಿದ್ದರು. ನಗರದಲ್ಲಿ ಹುಟ್ಟಿ ಬೆಳೆದವರು, ಕನ್ನಡವನ್ನು ಪುಸ್ತಕದಿಂದ ಕಲಿತವರು, ಬಹಳ ಶ್ರದ್ಧೆಯ ಮನುಷ್ಯ. ಮರಳಿ ಎಂಬ ಹಳ್ಳಿಯ ಕಡೆಯ ಇಬ್ಬರು ರೈತರ ನಡುವೆ ಕಾಲುವೆ ನೀರಿನ ಜಗಳ ಕೋರ್ಟಿಗೆ ಬಂದಿತ್ತು. ತನ್ನ ಗದ್ದೆಗೆ ಬರುವ ನೀರನ್ನು ಹನುಮಂತಪ್ಪ ತಡೆದನೆಂದು ಪಕ್ಕದವನ ದೂರು. ಹನುಮಂತಪ್ಪ ಕಟಕಟೆಗೆ ಬಂದು, "ನಸಿಕಿನ್ಯಾಗ ಎದ್ದು ನನ್ನ ಗದ್ದಿಗೆ ನಾ ನೀರ ಕಟ್ಟೀನ್ರಿ, ಮತ್ತೇನೂ ಮಾಡಿಲ್ರಿ" ಎಂದ. ಹಿರಿಯರು ಅದನ್ನು 'ಬೆಳಗಿನ ಜಾವ ಎದ್ದು ನೀರನ್ನು ಬಂದ್ ಮಾಡಿದೆ' ಎಂದು ಬರೆಸಿದರು. ಕಟ್ಟುವುದೆಂದರೆ ನಿಘಂಟಿನಲ್ಲಿ ತಡೆಯುವುದು ಎಂದೇ ಇತ್ತು.

ತಪ್ಪು ಒಪ್ಪಿಕೊಂಡಿದ್ದಾನೆ ಎಂದು ನ್ಯಾಯಾಧೀಶರು ಲೇಖನಿ ಕೆಳಗಿಡುವ ಹೊತ್ತಿಗೆ, ಹನುಮಂತಪ್ಪನಿಗೆ ಏನೋ ಅನುಮಾನ ಬಂದು ನನ್ನತ್ತ ಬಾಗಿ ಕೇಳಿದ: "ಸಾಹೇಬ್ರ, ನಾ ಏನಂದೆ ಅಂತ ಬರದ್ರಿ?" ನಾನು ಹೇಳಿದೆ. ಅವನು ಎರಡೂ ಕೈಯಿಂದ ತಲೆ ಹಿಡಿದುಕೊಂಡ. "ಅಯ್ಯ ನನ್ನಪ್ಪಾ! ನೀರ ಕಟ್ಟೂದು ಅಂದ್ರ ನೀರ ಬಿಡೂದು ಅಲ್ಲೇನ್ರಿ! ಗದ್ದಿಗೆ ನೀರ ಕಟ್ಟಲಿಲ್ಲಂದ್ರ ಭತ್ತ ಏನ್ ಗಾಳಿ ಕುಡದು ಬೆಳೀತೈತೇನ್ರಿ?"

ಕಟ್ಟುವುದೆಂದರೆ ಬಿಡುವುದು ಹೇಗಾಗುತ್ತದೆಂದು ನ್ಯಾಯಾಧೀಶರು ಉರ್ದುವಿನಲ್ಲಿ ಕೇಳಿದಾಗ, ಕನ್ನಡ ಬಲ್ಲ ಜವಾನರೆಲ್ಲ ಗೋಡೆಯ ಕಡೆ ತಿರುಗಿ ನಕ್ಕರು. ಹಿರಿಯರು ಮಾತ್ರ ಮುಖ ಸಣ್ಣದು ಮಾಡಿಕೊಳ್ಳಲಿಲ್ಲ. ಬರೆದದ್ದನ್ನು ಹೊಡೆದುಹಾಕಿ ಹೊಸದಾಗಿ ಬರೆಸಿ, ಸಂಜೆ ನನ್ನನ್ನು ಕರೆದು, "ಇನ್ನು ಮೇಲೆ ಹೊಲ, ಕಾಲುವೆ, ಎತ್ತಿನ ಮಾತು ಬಂದಾಗ ನೀನು ಕೂರು" ಎಂದರು. ಅಂಥ ಮೇಲಿನವರು ಸಿಗುವುದು ಅಪರೂಪ.

ಆಮೇಲೆ ನನಗೆ ಕುಷ್ಟಗಿ ಮುನ್ಸಿಫ್ ಕೋರ್ಟಿಗೆ ವರ್ಗವಾಯಿತು. ಅಲ್ಲಿಯ ಮುನ್ಸಿಫರು ತೆಳ್ಳಗಿನ, ಸದಾ ಎಲೆಯಡಿಕೆ ಜಗಿಯುವ ಮನುಷ್ಯ. ಫಾರ್ಸಿ ಬಲ್ಲವರು, ಕವಿತೆಯ ಹುಚ್ಚಿನವರು, ಕನ್ನಡದ ಒಂದಕ್ಷರ ಬಾರದವರು. ಒಂದು ಸಲ ಅವರ ಮನೆಯ ಗಾದಿಗಳನ್ನು ಬಿಚ್ಚಿ ಹತ್ತಿ ಹಿಂಜಿಸುವುದಿತ್ತು. ಹನುಮಸಾಗರದಿಂದ ಪಿಂಜಾರ ಹುಸೇನಸಾಬ ಬಂದಿದ್ದ. ಹಳೆಯ ಗಾದಿಯ ಗಂಟುಗಟ್ಟಿದ ಹತ್ತಿಯನ್ನು ದೊಡ್ಡ ಬಿಲ್ಲಿನ ಹುರಿಗೆ ತಾಗಿಸಿ, ಮರದ ಕೊಡತಿಯಿಂದ ಹುರಿಯನ್ನು ಬಡಿದು ಬಿಡಿಸುವುದು ಪಿಂಜಾರರ ಕಸುಬು. ಢಂಯ್ ಢಂಯ್ ಎಂದು ಹುರಿ ನುಡಿಯುತ್ತಿದ್ದರೆ ಹತ್ತಿ ಮೋಡದ ಹಾಗೆ ಏಳುತ್ತದೆ. ಆ ನುಡಿತಕ್ಕೆ ಸರಿಯಾಗಿ ಹುಸೇನಸಾಬ ಹಾಡುತ್ತಿದ್ದ. ಹುರಿ ಎರಡು ಸಲ ನುಡಿದು ಹತ್ತಿಯಲ್ಲಿ ಸಿಕ್ಕಿ ಒಂದು ಗಳಿಗೆ ಸುಮ್ಮನಾಗುವುದು, ಅಲ್ಲಿ ಅವನ ಪದವೂ ನಿಂತು ಉಸಿರು ಎಳೆದುಕೊಳ್ಳುವುದು.

ಕಾಗದ ಹಿಡಿದು ಸಹಿಗೆ ಹೋಗಿದ್ದ ನಾನು ಅಂಗಳದಲ್ಲೇ ನಿಂತೆ. ಮುನ್ಸಿಫರೂ ಹೊರಗೆ ಬಂದರು. ಯಾರು ಬರೆದದ್ದೆಂದು ಉರ್ದುವಿನಲ್ಲಿ ಕೇಳಿದರು.

"ನಾನ ಬರದೀನ್ರಿ ಖಾವಂದ್ರ" ಎಂದು ಹುಸೇನಸಾಬ ಬಿಲ್ಲಿನ ಚೀಲದಿಂದ ಮಡಚಿದ ಹಾಳೆಗಳನ್ನು ತೆಗೆದುಕೊಟ್ಟ. ಅವನ ಮನೆಮಾತು ಕನ್ನಡ. ಹುಡುಗನಾಗಿದ್ದಾಗ ಮಸೀದಿಯಲ್ಲಿ ಕಲಿತ ಅಕ್ಷರ ಉರ್ದುವಿನದು. ಹಾಗಾಗಿ ಕನ್ನಡ ಪದಗಳನ್ನು ಉರ್ದು ಅಕ್ಷರದಲ್ಲಿ ಬರೆದುಕೊಂಡಿದ್ದ.

ಮುನ್ಸಿಫರು ಕನ್ನಡಕ ಏರಿಸಿ ಗಟ್ಟಿಯಾಗಿ ಓದತೊಡಗಿದರು. ಅವರಿಗೆ ಅಕ್ಷರ ಸಲೀಸು, ಅರ್ಥ ಒಂದೂ ಇಲ್ಲ. ಉರ್ದು ಬರಹದ ಒಂದು ಗುಣವನ್ನು ಇಲ್ಲಿ ಹೇಳಬೇಕು. ಅದರಲ್ಲಿ ಅ, ಇ, ಉ ಎಂಬ ಹ್ರಸ್ವ ಸ್ವರಗಳಿಗೆ ಗುರುತುಗಳಿದ್ದರೂ ಸಾಮಾನ್ಯವಾಗಿ ಹಾಕುವುದಿಲ್ಲ. ಭಾಷೆ ಬಲ್ಲವನು ತಾನೇ ತುಂಬಿಕೊಂಡು ಓದುತ್ತಾನೆ. ಕನ್ನಡ ಬಾರದ ಮುನ್ಸಿಫರು ತಮಗೆ ತೋಚಿದ ಸ್ವರ ತುಂಬಿ, 'ಮುನಿ ಮುನಿ ತಿರುಗಿದೆ' ಎಂದು ಓದಿದರು.

"ಮುನಿ ಅಲ್ರೀ, ಮನಿ!" ಎಂದ ಹುಸೇನಸಾಬ. "ನಾ ಯಾವ ಮುನಿ ಹಿಂದೂ ತಿರುಗಿಲ್ರೀ. ಗಾದಿ ತುಂಬಾಕ ಮನಿ ಮನಿ ತಿರುಗೀನಿ."

ನಾನು ಉರ್ದುವಿನಲ್ಲಿ ವಿವರಿಸಿದಾಗ ಮುನ್ಸಿಫರು ಎಲೆಯಡಿಕೆ ನೆತ್ತಿಗೇರುವಷ್ಟು ನಕ್ಕರು. ಆಮೇಲೆ ನನ್ನಿಂದ ಒಂದೊಂದೇ ಸಾಲಿನ ಅರ್ಥ ಹೇಳಿಸಿಕೊಂಡರು. ನೀರಿನ ಪದಕ್ಕೆ ಬಂದಾಗ ಅವರ ನಗೆ ನಿಂತಿತು. ಆ ಪದ ಹೀಗಿತ್ತು:

ಕುಡಿ ಅಣ್ಣ, ಕುಡಿ ತಮ್ಮ,
ನೆರಿಮನಿ ಕೊಡದ ನೀರ;
ನೀರಡಿಕಿ ಕೇಳಲಿಲ್ಲ
ನೀ ಯಾರ, ನಾ ಯಾರ.

ಅಲಾವಿ ಹಬ್ಬಕ್ಕೆಂದು, ಎಂದರೆ ಮೊಹರಮ್ಮಿಗೆಂದು, ಕಟ್ಟಿದ ಪದ ಅದು. ಹಿಂದೆ ಕಾಳಗದಲ್ಲಿ ನೀರಡಿಸಿ ಸತ್ತವರನ್ನು ನೆನೆದು ಆ ದಿನಗಳಲ್ಲಿ ನಮ್ಮ ಹಳ್ಳಿಗಳಲ್ಲಿ ಓಣಿಓಣಿಗೆ ನೀರು, ಪಾನಕ ಇಡುತ್ತಿದ್ದರು. ಲಿಂಗಾಯತರ ಮನೆಯ ಕೊಡವೂ ಅಲ್ಲಿರುತ್ತಿತ್ತು, ಮುಸಲ್ಮಾನರ ಮನೆಯದೂ ಇರುತ್ತಿತ್ತು. ಮುನ್ಸಿಫರು ಹಾಳೆಗಳನ್ನು ಮಡಚಿ ಹುಸೇನಸಾಬನಿಗೆ ಹಿಂದಿರುಗಿಸಿದರು. ನನಗೆ ಹೇಳಿದರು: "ಈತನ ಅಕ್ಷರ ಬಲ್ಲವರಿಗೆ ಈತನ ಭಾಷೆ ಬಾರದು. ಭಾಷೆ ಬಲ್ಲವರಿಗೆ ಅಕ್ಷರ ಬಾರದು. ಪಾಪ, ಇವನ ಪದಕ್ಕೆ ನೀನೂ ನಾನೂ ಸೇರಿದರೆ ಒಬ್ಬ ಓದುಗ."

ಹುಸೇನಸಾಬನಿಗೆ ಅದು ಮೊದಲೇ ಗೊತ್ತಿತ್ತು. ಕೆಲಸ ಮುಗಿಸಿ ಬಿಲ್ಲಿನ ಹುರಿ ಸಡಿಲಿಸುತ್ತ ನನ್ನೆದುರು ಎಲ್ಲ ಹೇಳಿಕೊಂಡ. ಊರಿನ ಭಜನಾ ಮೇಳದ ಹಿರಿಯ ಚನ್ನಬಸಪ್ಪ, "ನಮಗ ಈ ಅಕ್ಷರ ಬರಂಗಿಲ್ಲೋ ಸಾಬ, ನಿನ್ನ ತಾಳಾನೂ ಸಿಗಂಗಿಲ್ಲ. ನಡಕ್ಕ ನಿಂತು ನಿಂತು ಹೋಗತೈತಿ, ಕುಂಟ ಎತ್ತಿನಂಗ" ಎಂದಿದ್ದನಂತೆ. ಅಲಾವಿಯ ಕುಣಿತದವರು ಹಲಿಗೆಯ ಬಡಿತಕ್ಕೆ ಹೊಂದಿಸಿ ನೋಡಿ, "ನಿನ್ನ ಪದಕ್ಕ ಕುಣ್ಯಾಕ ಬರಂಗಿಲ್ಲ, ಮಕ್ಕೊಳ್ಳಾಕ ಬರತೈತಿ" ಎಂದು ಕಳಿಸಿದ್ದರಂತೆ. ಉರ್ದು ಕವಿಗಳ ಕೂಟವೊಂದಕ್ಕೂ ಆಸೆಯಿಂದ ಹೋಗಿದ್ದ. ಅವರು ಮೊದಲ ಸಾಲಿಗೆ ಮರ್ಯಾದೆಗೆ 'ವಾಹ್' ಎಂದು, ಎರಡನೆಯ ಸಾಲಿಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಮೂರನೆಯದಕ್ಕೆ ಚಹಾ ತರಿಸಿದ್ದರು.

"ಛಲೋ ಚಹಾ ಇತ್ತರೀ" ಎಂದ. ನಗುತ್ತಿದ್ದನಾದರೂ ಅವನಿಗೆ ಅದು ನೋವಾಗಿತ್ತು.

"ನಾನು ಕನ್ನಡ ಅಕ್ಷರದಾಗ ಬರದು ಕೊಡ್ಲೇನು?" ಎಂದು ಕೇಳಿದೆ.

ಅವನು ಹುರಿಯನ್ನು ಸುತ್ತಿಟ್ಟ. "ಬ್ಯಾಡ್ರಿ. ಕನ್ನಡದಾಗ ಬರದ್ರ ಊರಾಗಿನವರು ಓದಬಹುದು ಖರೆ. ನನ್ನ ಪದಾ ನನಗ ಓದಾಕ ಬರಂಗಿಲ್ಲಲ್ಲರೀ?"

ಬರೆಯಲೆಂದು ತೆಗೆದ ಲೇಖನಿಯನ್ನು ಮತ್ತೆ ಜೇಬಿಗೆ ಸಿಕ್ಕಿಸಿದೆ.

ಅವನು ಸತ್ತದ್ದು ನನಗೆ ತಿಳಿದದ್ದು ಅವನ ಮಗಳು ಖಾಸಿಂಬಿಯಿಂದ. ಗಂಡ ತೀರಿಕೊಂಡ ಮೇಲೆ ಅಪ್ಪನ ಮನೆಗೆ ಬಂದಿದ್ದವಳು ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಕುಷ್ಟಗಿಗೆ ತಾನೇ ಬಂದಳು. ಹೆಣ್ಣುಮಗಳು ಹತ್ತಿ ಹಿಂಜುವುದೇ ಎಂದು ಕೋರ್ಟಿನ ಜವಾನನೊಬ್ಬ ಕೊಂಕು ತೆಗೆದ. "ಯಾಕ, ಗಂಡಸರ ಗಾದಿ ಒಳಗ ಬ್ಯಾರೆ ಹತ್ತಿ ಇರತೈತೇನು?" ಎಂದು ಅವನ ಬಾಯಿ ಮುಚ್ಚಿಸಿದಳು. ಅಪ್ಪನ ಪದಗಳು ಬರುತ್ತವೆಯೇ ಎಂದು ಕೇಳಿದೆ. "ಹುರಿ ಬಡೀವಾಗ ತಾವ ಬರತಾವ್ರಿ. ಸುಮ್ಮ ಕುಂತ್ರ ಒಂದೂ ಬರಂಗಿಲ್ಲ" ಎಂದಳು. ಓದು ಅವಳಿಗೆ ಬಾರದು. ಹಾಳೆಗಳು ಮಾತ್ರ ಅವಳ ತಗಡಿನ ಪೆಟ್ಟಿಗೆಯಲ್ಲಿ ಸೀರೆಗಳ ಕೆಳಗೆ ಇದ್ದವು.

ಇನ್ನು ನಲವತ್ತೆಂಟನೆಯ ಇಸವಿಯ ಮಾತು. ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ನಮ್ಮ ಸಂಸ್ಥಾನಕ್ಕೆ ಬಂದಿರಲಿಲ್ಲ. ಸಂಸ್ಥಾನವನ್ನು ಉಳಿಸುತ್ತೇವೆಂದು ಮುಸಲ್ಮಾನರ ಹೆಸರಿನಲ್ಲಿ ಬಂದೂಕು ಹಿಡಿದ ದಳಗಳು ಹಳ್ಳಿ ಹಳ್ಳಿಗೆ ನುಗ್ಗಿ ಸುಲಿಯುತ್ತಿದ್ದವು, ಹೊಡೆಯುತ್ತಿದ್ದವು. ಗಡಿ ದಾಟಿ ಗಜೇಂದ್ರಗಡದ ಕಡೆ ಓಡಿಹೋದ ಕುಟುಂಬಗಳಿಗೆ ಲೆಕ್ಕವಿಲ್ಲ. ಜನ ತಿಂದ ಪೆಟ್ಟು ಸಣ್ಣದಲ್ಲ, ಅದನ್ನು ಮರೆತು ಮುಂದಿನದನ್ನು ಬರೆದರೆ ಅನ್ಯಾಯವಾದೀತು. ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಬಂತು, ದಳದವರು ಬಂದೂಕು ಬಿಸಾಕಿ ಓಡಿದರು. ಅವರೇನೋ ಓಡಿದರು, ಅವರ ಮೇಲಿನ ಸಿಟ್ಟು ಮಾತ್ರ ಊರಲ್ಲೇ ಉಳಿಯಿತು. ಆ ಸಿಟ್ಟಿಗೆ ಸಿಕ್ಕವರು ಓಡಲಾರದ ಬಡ ಮುಸಲ್ಮಾನರು, ಗಾದಿ ಹೊಲಿಯುವವರು, ಬಳೆ ಮಾರುವವರು.

ಕೋರ್ಟು ಮುಚ್ಚಿತ್ತು. ಮುನ್ಸಿಫರು ಹೈದರಾಬಾದಿಗೆ ಹೋಗಿದ್ದರು. ಹನುಮಸಾಗರ ನನ್ನ ಹೆಂಡತಿಯ ತವರು. ಅವಳೂ ಮಕ್ಕಳೂ ಅಲ್ಲಿದ್ದುದರಿಂದ ನಾನೂ ಅಲ್ಲಿದ್ದೆ.

ಬೆಳಗಿನ ಬಿಸಿಲು ಏರುತ್ತಿತ್ತು. ಪಿಂಜಾರ ಓಣಿಯಲ್ಲಿ ಗದ್ದಲ ಕೇಳಿತು. ನಮ್ಮ ಮಾವನ ಮನೆಯ ಮುಂದಿನ ಅಂಗಡಿಗೆ ಒಬ್ಬ ಓಡಿಬಂದು, "ಅಳಿಯಂದಿರು ಅದಾರೇನ್ರಿ? ಉರ್ದು ಓದಾಕ ಕರಿಯಾಕ ಹತ್ಯಾರ" ಎಂದ. ಹೋಗಬೇಡಿ ಎಂದು ಹೆಂಡತಿ ತೋಳು ಹಿಡಿದಳು. ಹೋದೆ. ಧೈರ್ಯದಿಂದ ಹೋದೆ ಎಂದು ತಿಳಿಯಬೇಡಿ. ಓದಲು ಕರೆದರೆ ಎದ್ದು ಹೋಗುವುದು ಅಷ್ಟು ವರ್ಷಗಳ ಅಭ್ಯಾಸ.

ಖಾಸಿಂಬಿಯ ಮನೆಯ ಮುಂದೆ ಜನ ನೆರೆದಿದ್ದರು. ಅರ್ಧ ಊರಿನವರು, ಅರ್ಧ ನಾನು ಕಾಣದ ಹೊರಗಿನವರು. ಹೊರಗಿನವರ ಕೈಯಲ್ಲಿ ಕೊಡಲಿಗಳಿದ್ದವು. ಅವಳ ತಗಡಿನ ಪೆಟ್ಟಿಗೆ ಬೀದಿಯಲ್ಲಿ ಬಾಯಿ ತೆರೆದು ಬಿದ್ದಿತ್ತು. ಅವಳು ಹೊಸ್ತಿಲ ಮೇಲೆ ನಿಂತಿದ್ದಳು, ಬಾಗಿಲಿಗೆ ಬೆನ್ನು ಕೊಟ್ಟು. ಹುಸೇನಸಾಬನ ಹಾಳೆಗಳು ಊರಿನ ಯುವಕ ವೀರಭದ್ರನ ಕೈಯಲ್ಲಿದ್ದವು. ವೀರಭದ್ರನ ಅಣ್ಣನನ್ನು ದಳದವರು ಕಂಬಕ್ಕೆ ಕಟ್ಟಿ ಹೊಡೆದಿದ್ದರು, ಅವನು ಇನ್ನೂ ಎದ್ದಿರಲಿಲ್ಲ. ವೀರಭದ್ರ ಊರಿನ ಉರ್ದು ಸಾಲಿಯಲ್ಲಿ ಕಲಿತವನು. ಸಾಲಿ ಬಂದದ್ದು ಹುಸೇನಸಾಬನ ಕಾಲ ಮುಗಿಯುತ್ತ ಬಂದಾಗ. ಈಗ ಊರಿನಲ್ಲಿ ಆ ಅಕ್ಷರ ಓದುವವರಿದ್ದರು.

ಅವನು ನನ್ನೆದುರು ಇನ್ನೊಮ್ಮೆ ಗಟ್ಟಿಯಾಗಿ ಓದಿದ:

"ಕಡಿ ಅಣ್ಣ, ಕಡಿ ತಮ್ಮ, ನೆರಿಮನಿ ಕೊಡದ ನೀರ!"

ಜನರೊಳಗಿಂದ ಒಂದು ಸದ್ದು ಬಂತು. ಆ ಸದ್ದನ್ನು ಯಾವ ಭಾಷೆಗೂ ತರ್ಜುಮೆ ಮಾಡಲಾರೆ.

"ತಿಳೀತಲ್ಲ? ನೀರ ಕೊಡದ ಬಾಜೂಮನಿಯವರನ್ನ ಕಡೀರಿ ಅಂತ ಬರದಾರ. ಅಣ್ಣ ತಮ್ಮ ಕೂಡಿ ಕಡೀರಿ ಅಂತ. ಹಿಂಥಾ ಹಾಳಿ ಪೆಟ್ಟಿಗ್ಯಾಗ ಇಟ್ಕೊಂಡು ನಮ್ಮ ಮನಿ ಗಾದಿ ತುಂಬಾಕ ಬರತಿದ್ಲು!"

ಹಾಳೆ ನನ್ನ ಕೈಗೆ ಬಂತು. ಅದೇ ಹಾಳೆ, ಮುನ್ಸಿಫರ ಅಂಗಳದಲ್ಲಿ ನಾನು ಅರ್ಥ ಹೇಳಿದ್ದು. "ಕಡಿ ಅಲ್ಲಪ್ಪಾ, ಕುಡಿ" ಎಂದೆ. "ಅಲಾವಿ ಪದ ಇದು. ಕೊಡದ ನೀರು ಅಂದ್ರ ಕೊಡದೊಳಗಿನ ನೀರು. ನೆರೆಮನೆಯ ಕೊಡದಿಂದ ನೀರು ಕುಡಿ ಅಂತ."

"ಎಲ್ಲೈತಿ 'ಕು'? ತೋರಿಸ್ರಿ." ವೀರಭದ್ರ ಅಕ್ಷರದ ಮೇಲೆ ಬೆರಳಿಟ್ಟ. ಅವನು ದಡ್ಡನಲ್ಲ. "ಸಾಲ್ಯಾಗ ನಾನೂ ಕಲತೀನಿ. ಉ ಅಂತ ಓದಬೇಕಂದ್ರ ಮ್ಯಾಲ ಒಂದು ಗುರುತು ಹಾಕತಾರ. ಇಲ್ಲಿ ಇಲ್ಲ."

"ಯಾರೂ ಹಾಕೂದಿಲ್ಲ. ತಿಳಿದು ಓದೋದು."

"ನೀವು ಅವರ ಕಚೇರ್ಯಾಗ ಉಂಡವರು, ಹಂಗ ತಿಳೀತೀರಿ" ಎಂದು ಹೊರಗಿನವರಲ್ಲೊಬ್ಬ ಕೂಗಿದ.

ವೀರಭದ್ರ ನನ್ನ ಮುಖಕ್ಕೆ ಮುಖವಿಟ್ಟು ಕೇಳಿದ: "ಸಾಹೇಬ್ರ, ದೇವರ ಮ್ಯಾಲ ಆಣಿ ಮಾಡಿ ಒಂದ ಮಾತು ಹೇಳ್ರಿ. ಈ ಅಕ್ಷರಾ ಕಡಿ ಅಂತ ಓದಾಕ ಬರತೈತೋ ಇಲ್ಲೋ?"

ಬರುತ್ತದೆ. ಅದೇ ನಿಜ. ಕುಡಿ ಎಂದರೂ ಅದೇ ಅಕ್ಷರ, ಕಡಿ ಎಂದರೂ ಅದೇ ಅಕ್ಷರ. ಕೊಡದ ಎಂದರೆ ಕೊಡದೊಳಗಿನ ಎಂದೂ ಆಗುತ್ತದೆ, ಕೊಡದೆ ಇರುವ ಎಂದೂ ಆಗುತ್ತದೆ. ಮುಂದಿನ ಸಾಲನ್ನು ಓದಿ ತೋರಿಸಿದರೂ ನೀರಡಿಸಿದವನ ಸಿಟ್ಟು ಎಂದು ಅರ್ಥ ಮಾಡುತ್ತಿದ್ದರು. ಆಣೆಯ ಮೇಲೆ ಸುಳ್ಳು ಬರೆಸದಿರುವುದೇ ನನ್ನ ಉದ್ಯೋಗವಾಗಿತ್ತು. ಖಾಸಿಂಬಿ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಹಾಡಿ ತೋರಿಸು ಎನ್ನಬೇಕೆನಿಸಿತು, ಆದರೆ ಹುರಿ ಬಡಿಯದೆ ಅವಳಿಗೆ ಒಂದು ಸಾಲೂ ಬಾರದೆಂಬುದು ನೆನಪಾಯಿತು. ಕೊಡಲಿಯವರಲ್ಲೊಬ್ಬ ಒಂದು ಹೆಜ್ಜೆ ಮುಂದೆ ಬಂದ. ನಾನು ಬಾಯಿ ತೆರೆದೆ.

ಏನು ಹೇಳಲು ತೆರೆದೆ? ಇಷ್ಟು ವರ್ಷ ಅದನ್ನೇ ಕೇಳಿಕೊಂಡಿದ್ದೇನೆ. ಊಟಕ್ಕೆ ಕೂತಾಗ, ಬಸ್ಸಿನಲ್ಲಿ ಹೋಗುವಾಗ, ಯಾರಾದರೂ 'ನೀರು ಕುಡಿ' ಎಂದಾಗ. ಬರುತ್ತದೆ ಎನ್ನುತ್ತಿದ್ದೆನೋ, ಬರುವುದಿಲ್ಲ ಎನ್ನುತ್ತಿದ್ದೆನೋ, ನನಗೆ ಗೊತ್ತಿಲ್ಲ. ಏಕೆಂದರೆ ಅಷ್ಟರಲ್ಲಿ ಜನರ ಹಿಂದಿನಿಂದ ಒಂದು ಹೆಣ್ಣು ದನಿ ಬಂತು.

"ಏ ಭದ್ರ್ಯಾ! ಏನ್ ಓದಾಕ ಹತ್ತೀಯೋ ಅದು? ಕಡಿ ಅಲ್ಲೋ ಮೂಳಾ, ಕುಡಿ!"

ವೀರಭದ್ರನ ತಾಯಿ ಗುರವ್ವ. ಹಾಸಿಗೆ ಹಿಡಿದಿದ್ದ ದೊಡ್ಡ ಮಗನಿಗೆಂದು ಎಲ್ಲಿಂದಲೋ ಮಜ್ಜಿಗೆ ತರುತ್ತಿದ್ದಳು. ಕೈಯಲ್ಲಿ ತಂಬಿಗೆ ಇತ್ತು. ಗುಂಪನ್ನು ಮೊಣಕೈಯಿಂದ ಸರಿಸುತ್ತ ಮುಂದೆ ಬಂದಳು.

"ನೀ ಸುಮ್ಮನಿರಬೇ, ನಿನಗ ಓದು ಬರಂಗಿಲ್ಲ" ಎಂದ ವೀರಭದ್ರ.

"ಓದು ಯಾವನಿಗೆ ಬೇಕಾಗೈತಿ? ನೀ ಸಣ್ಣಾಂವ ಇದ್ದಾಗ ಕಷಾಯ ಕುಡಿ ಅಂದ್ರ ಹಲ್ಲ ಕಚಗೊಂಡು ಕುಂದರತಿದ್ದಿ. ಮೂಗು ಹಿಡಕೊಂಡು ಇದ ಪದಾ ಅಂದು ಕುಡಿಸೀನಿ ನಿನಗ. 'ಕುಡಿ ಅಣ್ಣ, ಕುಡಿ ತಮ್ಮ.' ಹುಸೇನಸಾಬ ನಮ್ಮ ಕಟ್ಟಿ ಮ್ಯಾಲ ಹತ್ತಿ ಹಿಂಜಿಕೋತ ಹಾಡತಿದ್ದ, ಕೇಳಿ ಕೇಳಿ ಬಂದೈತಿ. ಕಡಿ ಅಂತ ಯಾವ ತಾಯಿ ಅಂದಾಳೋ, ಹಾಲಿನ ಬಟ್ಟಲ ಹಿಡಕೊಂಡು?"

ಅಷ್ಟು ಹೇಳಿ ಅವಳು ಹಾಡಿಯೇಬಿಟ್ಟಳು, ಒಡಕು ದನಿಯಲ್ಲಿ. ಹುರಿ ನಿಲ್ಲುತ್ತಿದ್ದಲ್ಲಿ ನಿಂತಳು, ಬಟ್ಟಲನ್ನು ಮಗುವಿನ ತುಟಿಗೆ ಹಿಡಿದು ಗುಟುಕು ಇಳಿಯುವವರೆಗೆ ಕಾಯುವ ಹಾಗೆ. ಎದುರು ಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಗಸು, "ನೀರಡಿಕಿ ಕೇಳಲಿಲ್ಲ" ಎಂದು ಎತ್ತಿಕೊಂಡಳು. ಮಾಳಿಗೆಯ ಮೇಲಿಂದ ಇನ್ನೊಬ್ಬಳು, "ನೀ ಯಾರ, ನಾ ಯಾರ" ಎಂದಳು. ಭಜನಾ ಮೇಳ ಕುಂಟೆತ್ತೆಂದು, ಕುಣಿತದವರು ಮಲಗಲು ಸರಿಯೆಂದು ಬಿಟ್ಟ ಪದ ಊರಿನ ಅಷ್ಟೂ ಅಡುಗೆಮನೆಗಳಲ್ಲಿತ್ತು. ಅಲ್ಲಿ ನಿಂತ ಊರಿನ ಗಂಡಸರೆಲ್ಲ ಅದನ್ನು ಕೇಳಿಕೊಂಡೇ ಹಾಲು ಕುಡಿದವರು.

ಗುಂಪಿನಲ್ಲಿ ಯಾರೋ, "ಹೌದಲೇ ಭದ್ರ್ಯಾ, ನಮ್ಮವ್ವಾನೂ ಅಂತಿದ್ಲು" ಎಂದ. ಇನ್ನೊಬ್ಬ, "ಹರಳೆಣ್ಣಿ ಕುಡಿಸೂ ಪದಾಲೇ ಅದು, ನನಗ ಇವತ್ತಿಗೂ ಕೇಳಿದ್ರ ಹೊಟ್ಟಿ ತೊಳಸತೈತಿ" ಎಂದ. ಒಬ್ಬಿಬ್ಬರು ನಕ್ಕರು. ನಕ್ಕವನು ಕೊಡಲಿ ಎತ್ತಲಾರ. ವೀರಭದ್ರ ಹಾಳೆಯನ್ನು ನೋಡಿದ, ತಾಯಿಯನ್ನು ನೋಡಿದ. ಅವಳು ಅವನ ಕೈಗೆ ತಂಬಿಗೆ ತುರುಕಿ, "ನಡಿ, ನಿಮ್ಮಣ್ಣಗ ಕುಡಿಸು ಹೋಗು" ಎಂದಳು. ಹೊರಗಿನವರು ಪೆಟ್ಟಿಗೆಯೊಳಗಿನ ತಾಮ್ರದ ಪಾತ್ರೆಗಳನ್ನು ಎತ್ತಿಕೊಂಡು ಬೇರೆ ಕಡೆ ಹೋದರು.

ಬೇರೆ ಕಡೆ. ಆ ವಾರ ಬೇರೆ ಊರುಗಳಲ್ಲಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತವರ ಮುಂದೆ ಯಾವ ಗುರವ್ವನೂ ತಂಬಿಗೆ ಹಿಡಿದು ಬರಲಿಲ್ಲ. ಆ ಮುದುಕಿ ಅವತ್ತು ಮಜ್ಜಿಗೆಗೆ ಇನ್ನೊಂದು ಓಣಿಗೆ ಹೋಗಿದ್ದರೆ? ಇದನ್ನು ಎಣಿಸತೊಡಗಿದರೆ ಈಗಲೂ ಎದ್ದು ಅಂಗಳದಲ್ಲಿ ತಿರುಗಾಡಬೇಕಾಗುತ್ತದೆ.

ಮರುದಿನ ಬೆಳಿಗ್ಗೆ ಖಾಸಿಂಬಿಯ ಮನೆಗೆ ಹೋದೆ. ಒಲೆಯಲ್ಲಿ ಹಾಳೆಗಳ ಕರಿ ಬೂದಿ ಇತ್ತು.

"ಸುಟ್ಟೆನ್ರಿ" ಎಂದಳು. "ಆ ಅಕ್ಷರ ಮನಿಯಾಗ ಇದ್ರ ನಾ ಇರಂಗಿಲ್ಲ."

"ನಿಮ್ಮಪ್ಪನ ಕೈಬರಹವಲ್ಲೇನವಾ?"

"ನಮ್ಮಪ್ಪನ ಕೈ ಬಿಲ್ಲಿನ ಮ್ಯಾಲ ಐತ್ರಿ. ಹಿಡದು ಹಿಡದು ಕಟಿಗಿ ಸವದೈತಿ, ನೋಡ್ರಿ." ತೋರಿಸಿದಳು. ಅಲ್ಲಿ ಒಂದು ಬೆರಳು ಕೂರುವಷ್ಟು ಕುಳಿ ಇತ್ತು.

ಆ ವರ್ಷ ಅಲಾವಿ ದೇವರನ್ನು ಕೂರಿಸುವುದೋ ಬೇಡವೋ ಎಂದು ಊರಿನಲ್ಲಿ ಚರ್ಚೆಯಾಯಿತು. ಕೊನೆಗೆ ಸದ್ದುಗದ್ದಲವಿಲ್ಲದೆ ಕೂರಿಸಿದರು. ಹಲಿಗೆ ಬೇಡವೆಂದರು, ಕುಣಿತ ಬೇಡವೆಂದರು. ಬರೀ ನೀರು ಇಟ್ಟು ಸುಮ್ಮನೆ ಕೂರುವುದು ಹೇಗೆಂದು ಭಜನಾ ಮೇಳದ ಚನ್ನಬಸಪ್ಪ ಖಾಸಿಂಬಿಯ ಮನೆಗೆ ಬಂದ. ಬಾಗಿಲಲ್ಲೇ ನಿಂತು, "ಆ ಪದಾ ಒಂದೀಟು ಹೇಳಿಕೊಡವಾ ತಂಗಿ. ತಾಳ ನಮಗ ಇವತ್ತಿಗೂ ಸಿಗವಲ್ದು" ಎಂದ. ಖಾಸಿಂಬಿ ಬಿಲ್ಲು ತಂದು ಅಲಾವಿಯ ಗುಡಿಯ ಮುಂದೆ ಕೂತಳು. ಹತ್ತಿಯಿಲ್ಲದೆ ಬರೀ ಹುರಿ ಬಡಿದಳು. ಮೇಳದ ಮುದುಕರು ಅವಳ ಕೊಡತಿಯನ್ನೇ ನೋಡುತ್ತ, ತಪ್ಪುತ್ತ, ನಿಲ್ಲುತ್ತ ಹಾಡಿದರು. ಮುಂದಿನ ವರ್ಷಗಳಲ್ಲಿ ಅಳವಂಡಿಯಲ್ಲಿ ಕೇಳಿದೆ, ಯಲಬುರ್ಗಾದಲ್ಲಿ ಕೇಳಿದೆ. ಬಹಳ ಕಾಲದ ಮೇಲೆ ರೇಡಿಯೋದಲ್ಲೂ ಬಂತು, ತಬಲಾ ಹಾಕಿ, ನಿಲ್ಲುವ ಜಾಗವನ್ನೆಲ್ಲ ತುಂಬಿ. ರಾಗ ಚೆನ್ನಾಗಿತ್ತು. ಹುಸೇನಸಾಬನ ಹೆಸರು ಹೇಳಲಿಲ್ಲ. ಅವನ ಹೆಸರು ಬರೆದು ನಾನು ಕಳಿಸಿದ ಮೇಲೆ ಹೇಳತೊಡಗಿದರು.

ನಮ್ಮ ಕೆಲಸವೂ ಬದಲಾಯಿತು. ಉರ್ದು ಹೋಗಿ ಇಂಗ್ಲಿಷ್ ಬಂತು, ಆಮೇಲೆ ಕನ್ನಡ ಬಂತು, ಬೆರಳಚ್ಚು ಬಂತು. ಒಬ್ಬ ಮೇಲಧಿಕಾರಿಯಂತೂ ಸಾಕ್ಷಿಯ ಮಾತನ್ನು ಸಾರಾಂಶ ಮಾಡಿಬಿಡು ಎಂದು ಆಜ್ಞೆ ಮಾಡಿದರು. ಸಾರಾಂಶದಲ್ಲಿ 'ಕು'ವೂ ಉಳಿಯುವುದಿಲ್ಲ, 'ಕ'ವೂ ಉಳಿಯುವುದಿಲ್ಲ ಎಂದು ಅವರಿಗೆ ಹೇಳಬೇಕೆನಿಸಿತ್ತು. ಹೊಸ ಹುಡುಗರಿಗೆ ಒಂದು ಮಾತು: ನಿಮ್ಮ ಮುಂದಿರುವ ಕಾಗದ ಎರಡು ಅರ್ಥ ಕೊಟ್ಟರೆ ಅದನ್ನೇ ತಿರುಗಿಸಿ ತಿರುಗಿಸಿ ನೋಡಬೇಡಿ. ಆ ಮಾತನ್ನು ಬಾಯಲ್ಲಿ ಆಡುವವರು ಯಾರಿದ್ದಾರೆ, ಅವರನ್ನು ಹುಡುಕಿಕೊಂಡು ಹೋಗಿ.

ನಾನೂ ಹೋದೆ. ಹಾಳೆ ಸುಟ್ಟ ಆ ವರ್ಷದ ಚಳಿಗಾಲವೆಲ್ಲ ಬಿಡುವಾದಾಗ ಖಾಸಿಂಬಿ ಹತ್ತಿ ಹಿಂಜುವಲ್ಲಿ ಕೂತು, ಅವಳ ಬಾಯಿಗೆ ಬಂದಷ್ಟು ಪದಗಳನ್ನು ಕನ್ನಡದಲ್ಲಿ ಬರೆದುಕೊಂಡೆ. ಬಂದವು ಕೆಲವು, ಹೋದವು ಹೆಚ್ಚು. ನೀರಿನ ಪದ ಬರೆದು ಮುಗಿಸಿದ ದಿನ ಅವಳು ಕೆಲಸ ನಿಲ್ಲಿಸಿ, ಕೈಗೆ ಅಂಟಿದ ಹತ್ತಿಯನ್ನು ಸೀರೆಗೆ ಒರೆಸಿಕೊಂಡು ಹತ್ತಿರ ಬಂದಳು.

"ಇದರಾಗ ಕುಡಿ ಅನ್ನೂದು ಎಲ್ಲೈತ್ರಿ?"

ತೋರಿಸಿದೆ.

"ಕಡಿ ಅಂತ ಬರದ್ರ ಹೆಂಗ ಇರತೈತಿ?"

ಪಕ್ಕದಲ್ಲಿ ಬರೆದು ತೋರಿಸಿದೆ. ಎರಡನ್ನೂ ಬಹಳ ಹೊತ್ತು ನೋಡಿದಳು. ಕ ಅಕ್ಷರದ ಬಲಕ್ಕೆ ಅಂಟಿದ ಸಣ್ಣ ಕೊಂಬಿನ ಮೇಲೆ ಬೆರಳಿಟ್ಟು, "ಇದೊಂದ ಏನ್ರಿ ಫರಕು?" ಎಂದಳು.

"ಇದೊಂದ."

ಪಕ್ಕದಲ್ಲಿ ಬರೆದದ್ದನ್ನು ಕಾಣದ ಹಾಗೆ ಹೊಡೆದುಹಾಕಿಸಿದಳು. ಆಮೇಲೆ ಅಷ್ಟೂ ಹಾಳೆಗಳನ್ನು ಕೇಳಿ ಇಸಕೊಂಡು, ಓದು ಬಾರದ ಆ ಹೆಂಗಸು ಒಂದೊಂದೇ ಸಾಲಿನ ಮೇಲೆ ಬೆರಳಾಡಿಸುತ್ತ ಹೋದಳು. ಎಲ್ಲೆಲ್ಲಿ ಆ ಕೊಂಬಿನ ಅಕ್ಷರ ಸಿಕ್ಕಿತೋ ಅಲ್ಲಲ್ಲಿ ನಿಂತು ನನ್ನ ಕಡೆ ಹಾಳೆ ತಿರುಗಿಸಿದಳು.

"ಇಲ್ಲಿ ಇನ್ನಷ್ಟು ಉದ್ದ ಎಳೀರಿ ಸಾಹೇಬ್ರ. ಸಿಟ್ಟಿನ್ಯಾಗ ಓದೋರಿಗೂ ಕಾಣಬೇಕು."